ದಿನಾ ನಡೆದರೂ ತೂಕ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನನಗೆ 44 ವರ್ಷ. ಎತ್ತರ 154 ಸೆಂ.ಮೀ., ತೂಕ 74 ಕೆಜಿ. ಆರು ತಿಂಗಳಿಂದ ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಕುಂದುವಾಡ ಕೆರೆಗೆ ಹೋಗಿ ಮುಕ್ಕಾಲು ಗಂಟೆ ನಡೆಯುತ್ತೇನೆ. ಇಳಿದಿದ್ದು ಒಂದೇ ಕೆಜಿ. ಊಟವೂ ಜಾಸ್ತಿ ಇಲ್ಲ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ರೊಟ್ಟಿ ಮತ್ತು ಅನ್ನ, ಸಂಜೆ ಟೀ ಜೊತೆ ಒಗ್ಗರಣೆ ಮಂಡಕ್ಕಿ, ರಾತ್ರಿ ಅನ್ನ ಸಾರು. ಶನಿವಾರ ಮಾತ್ರ ವಾಕಿಂಗ್ ಗೆಳತಿಯರ ಜೊತೆ ಬೆಣ್ಣೆ ದೋಸೆ. ‘ಇಷ್ಟು ದಿನ ನಡೆದು ಏನು ಬಂತು’ ಅಂತ ಮನೆಯಲ್ಲಿ ಕೇಳುತ್ತಾರೆ. ವಾಕಿಂಗ್ ಬಿಟ್ಟು ಜಿಮ್ ಸೇರಲಾ? ಇಲ್ಲ ಒಂದು ಹೊತ್ತಿನ ಊಟ ಬಿಡಲಾ?
- ಗೃಹಿಣಿ, ದಾವಣಗೆರೆ

ಉತ್ತರ: ಎರಡೂ ಬೇಡ ತಾಯಿ. ಆರು ತಿಂಗಳು ಬೆಳಿಗ್ಗೆ ಎದ್ದು ಕೆರೆಗೆ ಹೋಗಿದ್ದೀರಲ್ಲ, ಅದು ದೊಡ್ಡ ಕೆಲಸ. ಅದನ್ನು ಬಿಡಬೇಡಿ. ನಡಿಗೆಯಿಂದ ತಪ್ಪೇನೂ ಆಗಿಲ್ಲ. ಅಡುಗೆಮನೆ ಮಾಡಬೇಕಾದ ಕೆಲಸವನ್ನು ನಾವೆಲ್ಲ ಸೇರಿ ನಡಿಗೆಯ ತಲೆಗೆ ಕಟ್ಟಿದ್ದೇವೆ.

ಲೆಕ್ಕ ನೋಡೋಣ. ನಿಮ್ಮ ತೂಕದವರು ಮುಕ್ಕಾಲು ಗಂಟೆ ಸ್ವಲ್ಪ ಬಿರುಸಾಗಿ ನಡೆದರೆ, ಆ ಹೊತ್ತು ಸುಮ್ಮನೆ ಕೂತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದು, ಹೆಚ್ಚಿಗೆ ಖರ್ಚಾಗುವುದು ಸುಮಾರು 140 ಕ್ಯಾಲರಿ. ಮೈಯಲ್ಲಿ ಕೂಡಿಕೊಂಡ ಒಂದು ಕೆಜಿ ಕೊಬ್ಬು ಕರಗಲು ಬೇಕಾದದ್ದು ಸುಮಾರು 7,700 ಕ್ಯಾಲರಿ. ಅಂದರೆ ಊಟ ಒಂದು ಚೂರೂ ಬದಲಾಗದಿದ್ದರೆ ಐವತ್ತೈದು ದಿನದ ನಡಿಗೆಗೆ ಒಂದು ಕೆಜಿ. ಆರು ತಿಂಗಳಿಗೆ ಮೂರು ಕೆಜಿಗಿಂತ ಸ್ವಲ್ಪ ಕಡಿಮೆ. ಅದೂ ಕಾಗದದ ಮೇಲೆ. ನಡೆದು ಬಂದ ದಿನ ಹಸಿವು ಹೆಚ್ಚು, ತಟ್ಟೆಗೆ ಅರ್ಧ ರೊಟ್ಟಿ ಜಾಸ್ತಿ ಬೀಳುತ್ತದೆ. ಮಧ್ಯಾಹ್ನ ದಣಿವಾಗಿ ಒಂದು ಗಂಟೆ ಹೆಚ್ಚು ಒರಗುತ್ತೇವೆ. ಇದು ನಿಮ್ಮ ದೌರ್ಬಲ್ಯವಲ್ಲ, ಎಲ್ಲರ ಮೈಯೂ ಹೀಗೇ ಸರಿದೂಗಿಸಿಕೊಳ್ಳುತ್ತದೆ. ಹಾಗಾಗಿ ಒಂದು ಕೆಜಿ ಇಳಿದಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಮನೆಯವರಿಗೂ ಈ ಲೆಕ್ಕ ತೋರಿಸಿ.

ಈಗ ಅಡುಗೆಮನೆಗೆ ಬನ್ನಿ. ನೀವು ಬರೆದ ಊಟದ ಪಟ್ಟಿಯಲ್ಲಿ ಒಂದು ವಸ್ತುವಿನ ಹೆಸರೇ ಇಲ್ಲ. ಎಣ್ಣೆ. ನನ್ನ ಹತ್ತಿರ ಬರುವವರಲ್ಲಿ ನೂರಕ್ಕೆ ತೊಂಬತ್ತು ಜನ ಇದನ್ನು ಹೇಳುವುದಿಲ್ಲ. ಮುಚ್ಚಿಡಬೇಕು ಅಂತಲ್ಲ, ಎಣ್ಣೆಯನ್ನು ಯಾರೂ ‘ತಿಂದೆ’ ಎಂದು ಲೆಕ್ಕ ಇಡುವುದಿಲ್ಲ ಅಷ್ಟೆ. ಅದಕ್ಕೇ ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಮನೆಯಲ್ಲಿ ಎಷ್ಟು ಜನ, ತಿಂಗಳಿಗೆ ಎಷ್ಟು ಲೀಟರ್?

ನಾಲ್ಕು ಜನರ ಮನೆಗೆ ಐದು ಲೀಟರ್ ಕ್ಯಾನ್ ತಿಂಗಳಿಗೆ ಖಾಲಿಯಾಗುತ್ತದೆ ಅನ್ನಿ. ನಮ್ಮ ಕಡೆ ಇದು ತೀರಾ ಸಾಮಾನ್ಯ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಭಾಗಿಸಿದರೆ ತಲೆಗೆ ದಿನಕ್ಕೆ 38 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ, ಅಲ್ಲಿಗೆ 340 ಆಯಿತು. ಮೈಬಗ್ಗಿಸಿ ದುಡಿಯುವ ಕೆಲಸ ಇಲ್ಲದವರಿಗೆ ದಿನಕ್ಕೆ 20ರಿಂದ 25 ಗ್ರಾಂ ಸಾಕು. ಐದು ಲೀಟರ್ ಮೂರಕ್ಕೆ ಇಳಿದರೆ ತಲೆಗೆ ದಿನಕ್ಕೆ 15 ಗ್ರಾಂ, ಅಂದರೆ 135 ಕ್ಯಾಲರಿ ಕಡಿಮೆಯಾಗುತ್ತದೆ. ನಿಮ್ಮ ಮುಕ್ಕಾಲು ಗಂಟೆ ನಡಿಗೆಯಷ್ಟೇ! ಅದೂ ನಿಮಗೊಬ್ಬರಿಗಲ್ಲ, ‘ಏನು ಬಂತು’ ಎಂದು ಕೇಳಿದವರಿಗೂ ಸೇರಿ.

ಮಾಡುವುದು ಹೀಗೆ. ಹೊಸ ಕ್ಯಾನ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಒಗ್ಗರಣೆಗೆ ಕ್ಯಾನಿನಿಂದ ನೇರ ಸುರಿಯಬೇಡಿ, ಚಮಚದಲ್ಲಿ ಅಳೆದು ಹಾಕಿ. ಎಣ್ಣೆಗಾಯಿಯ ಮೇಲೆ ಎಣ್ಣೆ ತೇಲಲೇಬೇಕೆಂದಿಲ್ಲ, ಶೇಂಗಾ ಪುಡಿಯೇ ಅದಕ್ಕೆ ರುಚಿ ಕೊಡುತ್ತದೆ. ಆ ಶೇಂಗಾ ಒಳ್ಳೆಯದೇ, ಆದರೆ ಅದರಲ್ಲೂ ಅರ್ಧದಷ್ಟು ಎಣ್ಣೆಯೇ ಇದೆ. ಚಟ್ನಿಪುಡಿ ಒಂದು ಚಮಚ ಸಾಕು, ಅದರ ಮೇಲೆ ಮತ್ತೆ ಎಣ್ಣೆ ಹಾಕಿ ಕಲಸಿಕೊಳ್ಳುವುದು ಬೇಡ.

ಶನಿವಾರದ ಬೆಣ್ಣೆ ದೋಸೆಯ ವಿಷಯ. ಎರಡು ದೋಸೆಗೆ 30 ಗ್ರಾಂ ಬೆಣ್ಣೆ ಬಿತ್ತು ಎಂದರೂ ಬೆಣ್ಣೆಯ ಲೆಕ್ಕ 215 ಕ್ಯಾಲರಿ ಆಯಿತು. ದೋಸೆ, ಪಲ್ಯ ಬೇರೆ. ಕಡಿಮೆಯೇನಲ್ಲ. ಆದರೆ ಅದು ವಾರಕ್ಕೊಂದು ಸಲ. ದಿನಾ 15 ಗ್ರಾಂ ಹೆಚ್ಚಿಗೆ ಬೀಳುವ ಎಣ್ಣೆ ವಾರಕ್ಕೆ 945 ಕ್ಯಾಲರಿ. ಜನ ದೋಸೆಯನ್ನು ಬೈದು ಕ್ಯಾನನ್ನು ಬಿಟ್ಟುಬಿಡುತ್ತಾರೆ. ದಾವಣಗೆರೆಯಲ್ಲಿದ್ದು ಗೆಳತಿಯರ ಜೊತೆ ವಾರಕ್ಕೊಮ್ಮೆ ಕೂತು ದೋಸೆ ತಿನ್ನುವ ಸಂತೋಷವನ್ನು ನಾನು ಕಿತ್ತುಕೊಳ್ಳುವುದಿಲ್ಲ. ಎರಡರ ಬದಲು ಒಂದು ತಿನ್ನಿ, ಆ ದಿನ ಮನೆಗೆ ಬಂದು ಮತ್ತೆ ತಿಂಡಿ ಬೇಡ.

ಮಂಡಕ್ಕಿಯೂ ಹಗುರವೇ. ಒಂದು ಬಟ್ಟಲು ಒಣ ಮಂಡಕ್ಕಿ 20 ಗ್ರಾಂ ತೂಗಿದರೆ ಹೆಚ್ಚು. ತೊಂದರೆ ಇರುವುದು ಒಗ್ಗರಣೆಯಲ್ಲಿ ಮತ್ತು ಜೊತೆಗೆ ಬರುವ ಮಿರ್ಚಿಯಲ್ಲಿ. ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಒಂದು ಹಿಡಿ ಹುರಿಗಡಲೆ ಹಾಕಿ ನಿಂಬೆ ಹಿಂಡಿ. ಮಿರ್ಚಿ ಮನೆಗೆ ನೆಂಟರು ಬಂದ ದಿನಕ್ಕೆ ಇರಲಿ. ಟೀಗೆ ಸಕ್ಕರೆ ಎರಡು ಚಮಚದಿಂದ ಅರ್ಧಕ್ಕೆ ತನ್ನಿ, ನಾಲಿಗೆ ಮೂರು ವಾರದಲ್ಲಿ ಒಗ್ಗಿಕೊಳ್ಳುತ್ತದೆ. ಬೆಲ್ಲಕ್ಕೆ ಬದಲಾಯಿಸಿದರೆ ತೂಕಕ್ಕೆ ಏನೂ ಲಾಭವಿಲ್ಲ.

ಇನ್ನೊಂದು ಮಾತು. ಎಲ್ಲರಿಗೂ ಬಡಿಸಿ ಕೊನೆಗೆ ಕೂತು, ಉಳಿದ ಅನ್ನ ಚೆಲ್ಲಬಾರದೆಂದು ನೀವೇ ಹಾಕಿಕೊಳ್ಳುತ್ತೀರಾ? ಮಗನ ತಟ್ಟೆಯಲ್ಲಿ ಉಳಿದ ಅರ್ಧ ರೊಟ್ಟಿ? ಇದನ್ನು ಕೇಳಿದಾಗ ಎಷ್ಟೋ ಹೆಣ್ಣುಮಕ್ಕಳು ನನ್ನೆದುರು ಕಣ್ಣು ತುಂಬಿಕೊಂಡಿದ್ದಾರೆ. ಅನ್ನ ಚೆಲ್ಲುವುದು ತಪ್ಪು ಎಂದು ಕಲಿತು ಬೆಳೆದವರು ನಾವು. ಆದರೆ ಉಳಿದದ್ದನ್ನು ತುಂಬಿಕೊಳ್ಳಲು ನಿಮ್ಮ ಹೊಟ್ಟೆ ಪಾತ್ರೆಯಲ್ಲ. ಅಕ್ಕಿ ಅಳೆಯುವಾಗಲೇ ಒಂದು ಹಿಡಿ ಕಡಿಮೆ ಹಾಕಿ, ಸಾಧ್ಯವಾದರೆ ಎಲ್ಲರ ಜೊತೆಗೇ ಕೂತು ಉಣ್ಣಿ.

ಊಟ ಬಿಡುವ ಬದಲು ತಟ್ಟೆ ಬದಲಿಸಿ. ಮಧ್ಯಾಹ್ನ ರೊಟ್ಟಿ ಮತ್ತು ಅನ್ನ ಎರಡೂ ಇದ್ದರೆ ಒಂದನ್ನು ಅರ್ಧಕ್ಕೆ ಇಳಿಸಿ. ಆ ಜಾಗಕ್ಕೆ ಮಡಕೆಕಾಳು ಅಥವಾ ಹೆಸರುಕಾಳಿನ ಪಲ್ಯ, ಹುರುಳಿಕಾಳು, ಗಟ್ಟಿ ಬೇಳೆ, ಸೊಪ್ಪು, ಸೌತೆಕಾಯಿ ಬರಲಿ. ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು. ನಿಮಗೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು. ನೀವು ಬರೆದಿರುವ ಊಟದಲ್ಲಿ ಅದರ ಅರ್ಧ ಬಂದರೆ ಹೆಚ್ಚು. ಪ್ರೋಟೀನ್ ಸಾಲದೆ ತೂಕ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಿರುವ ನಿಮಗೆ ಅದು ದುಬಾರಿ ನಷ್ಟ.

ಹಾಗಾದರೆ ನಡಿಗೆ ಯಾಕೆ ಬೇಕು? ತೂಕ ಇಳಿಯುವುದು ಹೆಚ್ಚಾಗಿ ಊಟದಿಂದ, ಇಳಿದದ್ದು ಮತ್ತೆ ಏರದಂತೆ ಹಿಡಿದಿಡುವುದು ನಡಿಗೆ. ಊಟ ಕಟ್ಟಿ ಹತ್ತು ಕೆಜಿ ಇಳಿಸಿ, ವರ್ಷ ಕಳೆಯುವುದರಲ್ಲಿ ಹನ್ನೆರಡು ಏರಿಸಿಕೊಂಡವರನ್ನು ನೀವೂ ನೋಡಿದ್ದೀರಿ. ಇಳಿಸಿದ ತೂಕವನ್ನು ವರ್ಷಗಟ್ಟಲೆ ಉಳಿಸಿಕೊಂಡವರ ವಿವರಗಳನ್ನು ಅಮೆರಿಕದಲ್ಲಿ 1994ರಿಂದ ದಾಖಲಿಸಿಕೊಂಡು ಬರುತ್ತಿದ್ದಾರೆ. ಅವರಲ್ಲಿ ಬಹುಪಾಲು ಜನ ದಿನಕ್ಕೆ ಸುಮಾರು ಒಂದು ಗಂಟೆ ನಡಿಗೆ ಅಥವಾ ಬೇರೆ ವ್ಯಾಯಾಮ ಮಾಡುವವರು. ತಕ್ಕಡಿ ತೋರಿಸದ ಲಾಭವೂ ಇದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಊಟ ಸರಿಪಡಿಸಿಕೊಂಡು ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟವರಲ್ಲಿ ಕಾಯಿಲೆ ಬರುವುದು 58 ಶೇಕಡಾ ಕಡಿಮೆಯಾಯಿತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಕಡಿಮೆಯಾದದ್ದು 31 ಶೇಕಡಾ.

ನಡಿಗೆಗೆ ಒಂದನ್ನು ಸೇರಿಸಿ. ವಾರಕ್ಕೆ ಎರಡು ದಿನ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈಕೊಟ್ಟು ತಳ್ಳುವುದು ಹತ್ತು ಸಲ, ನೀರು ತುಂಬಿದ ಲೀಟರ್ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಎತ್ತುವುದು ಹತ್ತು ಸಲ. ಹೀಗೆ ಮೂರು ಸುತ್ತು. ಜಿಮ್ ಬೇಕೇ ಬೇಕು ಅಂತಿಲ್ಲ.

ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಎನ್ನುವ ಅಳತೆ, 31. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಹೆದರಿ ಒಂದೇ ಸಲ ಅಲ್ಲಿಗೆ ಹಾರಬೇಡಿ. ಮೊದಲ ಗುರಿ 70 ಕೆಜಿ ಇರಲಿ. ಶೇಕಡಾ ಐದು ಇಳಿದರೂ ಬಿಪಿ, ಶುಗರ್ ಸುಧಾರಿಸುತ್ತವೆ. ಹದಿನೈದು ದಿನಕ್ಕೊಮ್ಮೆ ತೂಕ ನೋಡಿ, ಹೊಕ್ಕುಳ ಮಟ್ಟದಲ್ಲಿ ಸೊಂಟಕ್ಕೆ ಟೇಪ್ ಹಿಡಿದು ಬರೆದಿಡಿ. ತೂಕಕ್ಕಿಂತ ಮೊದಲು ಟೇಪ್ ಕಡಿಮೆ ತೋರಿಸಬಹುದು. ಹೆಂಗಸರಲ್ಲಿ ಸೊಂಟ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ಥೈರಾಯ್ಡ್ ಮತ್ತು ಶುಗರ್ ಒಮ್ಮೆ ಪರೀಕ್ಷೆ ಮಾಡಿಸಿ. ಥೈರಾಯ್ಡ್ ತೊಂದರೆ ಇದ್ದರೂ ಅದರಿಂದ ಏರುವುದು ಸಾಮಾನ್ಯವಾಗಿ ಕೆಲವೇ ಕೆಜಿ. ಮಾತ್ರೆ ಶುರುವಾದ ಮೇಲೂ ಎಣ್ಣೆ ಕ್ಯಾನಿನ ತಾರೀಖು ನೋಡುವುದು ತಪ್ಪುವುದಿಲ್ಲ.

ಪ್ರಶ್ನೆ: ಲಾರಿ ಓಡಿಸುತ್ತೇನೆ, ವಯಸ್ಸು 36. ಅನ್ನ ಬಿಟ್ಟು ಎರಡು ಹೊತ್ತೂ ರಾಗಿಮುದ್ದೆ ಶುರು ಮಾಡಿ ಮೂರು ತಿಂಗಳಾಯಿತು. ತೂಕ ಇಳಿದಿಲ್ಲ. ನಮ್ಮಜ್ಜ ಮುದ್ದೆ ಉಂಡೇ ಸಣಕಲಾಗಿದ್ದರು.
- ಹಿರಿಯೂರು

ಉತ್ತರ: ರಾಗಿ ಬಹಳ ಒಳ್ಳೆಯ ಧಾನ್ಯ. ನೂರು ಗ್ರಾಮಿಗೆ 11 ಗ್ರಾಂ ನಾರು, ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು ಕ್ಯಾಲ್ಸಿಯಂ. ಆದರೆ ಕ್ಯಾಲರಿಯಲ್ಲಿ ಅಕ್ಕಿಗೂ ರಾಗಿಗೂ ಅಂಥ ಅಂತರವಿಲ್ಲ. ನೂರು ಗ್ರಾಂ ಅಕ್ಕಿ 350ರ ಆಸುಪಾಸು, ರಾಗಿ ಹಿಟ್ಟು 320. ನವಣೆ, ಸಾಮೆಯ ಕಥೆಯೂ ಇದೇ. ನಿಮ್ಮ ಒಂದು ಮುದ್ದೆಗೆ 150 ಗ್ರಾಂ ಹಿಟ್ಟು ಹಿಡಿಯುತ್ತದೆ ಎಂದರೆ ಅದೊಂದೇ 480 ಕ್ಯಾಲರಿ. ಹೊತ್ತಿಗೆ ಎರಡು ಉಂಡರೆ 960, ಎರಡು ಹೊತ್ತಿಗೆ 1,900ರ ಮೇಲಾಯಿತು. ಸಾರು, ಪಲ್ಯ ಇನ್ನೂ ಸೇರಿಲ್ಲ.

ನಿಮ್ಮ ಅಜ್ಜ ಉಂಡು ಕೈತೊಳೆದು ಹೊಲಕ್ಕೆ ಹೋಗುತ್ತಿದ್ದರು. ಕುಂಟೆ ಹೊಡೆದು, ಹೊರೆ ಹೊತ್ತು, ನಡೆದೇ ಮನೆಗೆ ಬರುತ್ತಿದ್ದರು. ನೀವು ಉಂಡು ಸ್ಟೇರಿಂಗ್ ಹಿಂದೆ ಎಂಟು ಹತ್ತು ಗಂಟೆ ಕೂರುತ್ತೀರಿ. ಆ ಕೆಲಸದ ದಣಿವು ನನಗೆ ಗೊತ್ತು, ಆದರೆ ಅದು ಕಣ್ಣಿನ, ನಿದ್ದೆಗೆಟ್ಟ ದಣಿವು. ಕಾಲು ತೋಳಿಗೆ ಅದರಲ್ಲಿ ಕೆಲಸವಿಲ್ಲ. ಮುದ್ದೆ ಬಿಡಬೇಡಿ. ಕಿತ್ತಳೆ ಹಣ್ಣಿನ ಗಾತ್ರದ ಒಂದು ಮುದ್ದೆ, ಜೊತೆಗೆ ಸೊಪ್ಪು ಕಾಳಿನ ಸಾರು ಹೆಚ್ಚು ಮಾಡಿ. ಗಾಡಿ ಲೋಡ್ ಆಗುವ ಹೊತ್ತಿನಲ್ಲಿ ಕ್ಯಾಬಿನ್ನಿನಲ್ಲಿ ಮಲಗುವ ಬದಲು ಇಪ್ಪತ್ತು ನಿಮಿಷ ನಡೆಯಿರಿ. ನಿದ್ದೆ ಬಾಕಿ ಇದ್ದ ದಿನ ಮಾತ್ರ ಮಲಗುವುದೇ ಸರಿ. ನಿದ್ದೆ ಕಡಿಮೆಯಾದರೆ ಮರುದಿನ ಹಸಿವು ಏರುತ್ತದೆ, ರಸ್ತೆಯ ಅಪಾಯ ಬೇರೆ.

ಪ್ರಶ್ನೆ: 52 ವರ್ಷ, ನಾಲ್ಕು ವರ್ಷದಿಂದ ಶುಗರ್. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ಮೊಬೈಲಿನಲ್ಲಿ ನೋಡಿ 16 ತಾಸು ಉಪವಾಸ ಶುರು ಮಾಡಿದೆ. ಮೂರು ಕೆಜಿ ಇಳಿಯಿತು. ಆದರೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈ ನಡುಕ, ಬೆವರು. ಮುಂದುವರಿಸಬಹುದೇ?
- ಹರಿಹರ

ಉತ್ತರ: ಇಂದಿನಿಂದಲೇ ನಿಲ್ಲಿಸಿ. ಆ ನಡುಕ, ಬೆವರು ರಕ್ತದಲ್ಲಿ ಸಕ್ಕರೆ ತೀರಾ ಇಳಿದದ್ದರ ಲಕ್ಷಣ. ಗ್ಲಿಮೆಪಿರೈಡ್ ನುಂಗಿ ಉಪವಾಸ ಕೂತರೆ ಹೀಗಾಗುತ್ತದೆ. ಗಾಡಿ ಓಡಿಸುವಾಗಲೋ ಒಬ್ಬರೇ ಇದ್ದಾಗಲೋ ಆದರೆ ಜೀವಕ್ಕೇ ಅಪಾಯ. ಮತ್ತೆ ಹಾಗಾದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ತಕ್ಷಣ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಶುಗರ್ ನೋಡಿ, ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕುಡಿದು, ಆಮೇಲೆ ಊಟ ಮಾಡಿ. ಮನೆಯವರಿಗೂ ಇದನ್ನು ಹೇಳಿಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು.

ತೂಕ ಇಳಿಸುವ ನಿಮ್ಮ ಆಸೆ ಮಾತ್ರ ನೂರಕ್ಕೆ ನೂರು ಸರಿ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷ ದಾಟದವರಿಗೆ ಊಟದ ಮೂಲಕ ತೂಕ ಇಳಿಸಿದಾಗ ಒಂದು ವರ್ಷದ ಹೊತ್ತಿಗೆ 46 ಶೇಕಡಾ ಜನ ಮಾತ್ರೆಯಿಲ್ಲದೆ ಶುಗರ್ ಹತೋಟಿಯಲ್ಲಿಟ್ಟುಕೊಂಡರು. ನೀವು ಆ ಅವಧಿಯೊಳಗೇ ಇದ್ದೀರಿ. ಆದರೆ ಗಮನಿಸಿ, ಅಲ್ಲಿ ಮೊದಲ ದಿನವೇ ವೈದ್ಯರು ಮಾತ್ರೆ ನಿಲ್ಲಿಸಿ, ಕಣ್ಣಿಟ್ಟು ನೋಡಿಕೊಂಡರು. ನೀವು ಮಾತ್ರೆ ಹಾಗೇ ಇಟ್ಟು ಊಟ ಮಾತ್ರ ಕಡಿಮೆ ಮಾಡಿದಿರಿ. ನಿಮ್ಮ ವೈದ್ಯರ ಹತ್ತಿರ ಈ ವಾರವೇ ಹೋಗಿ, ‘ಊಟ ಕಡಿಮೆ ಮಾಡುತ್ತಿದ್ದೇನೆ, ಮಾತ್ರೆ ಎಷ್ಟಕ್ಕೆ ಇಳಿಸಬೇಕು’ ಎಂದು ಕೇಳಿ. ನೀವಾಗಿಯೇ ಬಿಡಬೇಡಿ. 16 ತಾಸಿಗೆ ಬೇರೆ ಮಹಿಮೆಯೇನೂ ಇಲ್ಲ. ದಿನದ ಒಟ್ಟು ಊಟ ಅಷ್ಟೇ ಕಡಿಮೆಯಾದರೆ ಮೂರು ಹೊತ್ತು ಉಂಡರೂ ಅಷ್ಟೇ ತೂಕ ಇಳಿಯುತ್ತದೆ. ರಾತ್ರಿ ಎಂಟರೊಳಗೆ ಉಂಡು ಆಮೇಲೆ ಕುರುಕು ತಿಂಡಿ ಬಿಟ್ಟರೆ ನಿಮಗೆ ಸಾಕು.

ಪ್ರಶ್ನೆ: ವಯಸ್ಸು 56, ತೂಕ 88. ತೂಕ ಇಳಿಸಲು ದಿನಾ ಬೆಳಿಗ್ಗೆ ಕೋಟೆ ಹತ್ತುತ್ತೇನೆ. ಇಳಿಯುವಾಗ ಮೊಣಕಾಲು ಹಿಡಿದುಕೊಳ್ಳುತ್ತದೆ. ನಿಲ್ಲಿಸಲೇ?
- ನಿವೃತ್ತ ನೌಕರ, ಚಿತ್ರದುರ್ಗ

ಉತ್ತರ: ಎರಡು ಮೂರು ತಿಂಗಳು ಕಲ್ಲಿನ ಮೆಟ್ಟಿಲು ಬಿಟ್ಟು ಸಮತಟ್ಟು ನೆಲದಲ್ಲಿ ನಡೆಯಿರಿ. ಹತ್ತುವಾಗ ಎದೆ ಮತ್ತು ಉಸಿರಿಗೆ ಕೆಲಸ, ಇಳಿಯುವಾಗ ಭಾರವೆಲ್ಲ ಮಂಡಿಗೆ. ಒಂದು ಕೆಜಿ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ. ನೀವು ಆರು ಕೆಜಿ ಇಳಿಸಿದರೆ ಹೆಜ್ಜೆಗೆ 24 ಕೆಜಿ ಹಗುರ. ಆ ಆರು ಕೆಜಿಯನ್ನು ಊಟದಿಂದ ಇಳಿಸಿ, ಮೇಲೆ ದಾವಣಗೆರೆಯ ತಾಯಿಗೆ ಬರೆದದ್ದೆಲ್ಲ ನಿಮಗೂ ಅನ್ವಯ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ ಐದು ಎಣಿಸುವವರೆಗೆ ಹಿಡಿಯಿರಿ, ದಿನಕ್ಕೆ ಹತ್ತು ಹತ್ತು ಸಲ. ತೊಡೆ ಗಟ್ಟಿಯಾದಷ್ಟೂ ಮಂಡಿ ಹಗುರ. ಮಂಡಿ ಊದಿದ್ದರೆ, ಮಡಚಿದ್ದು ಬಿಡಿಸಲು ಬಾರದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಹತ್ತುವಾಗ ಎದೆ ಹಿಡಿದಂತಾದರೆ ಆ ದಿನವೇ ಇಸಿಜಿ ಮಾಡಿಸಿ.

ತೂಕ 82ಕ್ಕೆ ಬಂದ ಮೇಲೆ ಮತ್ತೆ ಕೋಟೆಗೆ ಹೋಗಿ. ಮೊದಮೊದಲು ಅರ್ಧ ಹತ್ತಿ ವಾಪಸ್ ಬನ್ನಿ. ಇಳಿಯುವಾಗ ಕೈಯಲ್ಲಿ ಒಂದು ಕೋಲಿರಲಿ.