ಬ್ಲೂಗ್ರಾಸ್ ಬ್ಯಾಂಡ್ ಕಟ್ಟುವ ಮುಂಚೆ ಜಾಮ್‌ಗೆ ಹೋಗಿ ಕೂತುಕೊಳ್ಳಿ

ಸರ್, ಅಮೆರಿಕದ ನಾರ್ತ್ ಕ್ಯಾರೊಲೈನಾದ ಶಾರ್ಲಟ್‌ನಲ್ಲಿದ್ದೀರಿ, ಮನೆಯಲ್ಲೇ ಕೂತು ಮ್ಯಾಂಡೊಲಿನ್ ಕಲಿತಿದ್ದೀರಿ, ಈಗ "ಬ್ಯಾಂಜೋ, ಫಿಡಲ್ ನುಡಿಸುವವರು ಬೇಕು" ಅಂತ ಜಾಹೀರಾತು ಹಾಕಿ ಬ್ಲೂಗ್ರಾಸ್ (ತಂತಿವಾದ್ಯಗಳ ಅಮೆರಿಕನ್ ಹಳ್ಳಿ ಸಂಗೀತ) ಬ್ಯಾಂಡ್ ಶುರು ಮಾಡಲೇ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಜಾಹೀರಾತು ನೋಡಿ ಬಂದವರು ಹೇಗೆ ನುಡಿಸುತ್ತಾರೆ ಅನ್ನೋದು ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ಬೇರೆಯವರು ನುಡಿಸುವಾಗ ಹೇಗಿರುತ್ತಾರೆ ಅನ್ನೋದು ಗೊತ್ತಾಗಲ್ಲ. ಅದು ಗೊತ್ತಾಗೋದು ಜಾಮ್‌ನಲ್ಲಿ, ಅಂದರೆ ಜನ ಸುಮ್ಮನೆ ಸೇರಿ ಒಟ್ಟಿಗೆ ನುಡಿಸುವ ಕೂಟದಲ್ಲಿ. ನಾನು ಅದೇ ರಾಜ್ಯದ ರಾಲಿ ಕಡೆ ಇರುವವನು, ಫಿಡಲ್ ನುಡಿಸುತ್ತೇನೆ. ನಮ್ಮ ಬ್ಯಾಂಡ್ ಹುಟ್ಟಿದ್ದು ಒಂದು ಜಾಮ್‌ನಿಂದಲೇ.

ಇಲ್ಲಿ ಒಂದು ವಾದ್ಯದಂಗಡಿಯ ಹಿಂದಿನ ಕೋಣೆಯಲ್ಲಿ ವಾರಕ್ಕೊಂದು ಸಂಜೆ ಜನ ಸೇರುತ್ತಾರೆ. ಮಡಚುವ ಕುರ್ಚಿ ಹಾಕಿಕೊಂಡು ಸುತ್ತ ಕೂತುಕೊಳ್ಳೋದು. ಬಂದವರಲ್ಲಿ ಅರ್ಧಕ್ಕರ್ಧ ಗಿಟಾರ್‌ನವರು. ಯಾರೋ ಒಬ್ಬರು ಹಾಡಿನ ಹೆಸರು ಹೇಳಿ, "ಜಿ" ಅಂತ ಶ್ರುತಿ ಹೇಳಿ ಶುರು ಮಾಡುತ್ತಾರೆ. ಒಂದು ಚರಣ, ಪಲ್ಲವಿ ಆದ ಮೇಲೆ ಪಕ್ಕದವರನ್ನು ನೋಡಿ ಕತ್ತು ಆಡಿಸುತ್ತಾರೆ. ಈಗ ಬ್ರೇಕ್ ಅವರದು, ಅಂದರೆ ಹಾಡಿನ ಧಾಟಿಯನ್ನು ಒಂದು ಸುತ್ತು ಅವರು ವಾದ್ಯದಲ್ಲಿ ನುಡಿಸಬೇಕು. ಆಗಲ್ಲ ಅನಿಸಿದರೆ ತಲೆ ಅಲ್ಲಾಡಿಸಿ, ಸರದಿ ಮುಂದಕ್ಕೆ ಹೋಗುತ್ತದೆ. ಯಾರೂ ಏನೂ ಅಂದುಕೊಳ್ಳಲ್ಲ. ಮುಗಿಸುವ ಹೊತ್ತಿಗೆ ಶುರು ಮಾಡಿದವರು ಒಂದು ಕಾಲು ಎತ್ತುತ್ತಾರೆ. ಅದನ್ನು ನೋಡದೆ ಕಣ್ಣು ಮುಚ್ಚಿ ನುಡಿಸುತ್ತಿದ್ದವರ ವಾದ್ಯ ಒಂದೇ ಕೊನೆಗೆ ಕೇಳುತ್ತಿರುತ್ತದೆ!

ಅಲ್ಲಿ ನಿಮ್ಮ ಕೈಯಿಂದ ಜನ ಕೇಳೋದು ವೇಗ ಅಲ್ಲ, ಚಾಪ್, ಅಂದರೆ ತಾಳ ಹಿಡಿಯುವ ಗಿಡ್ಡ ಏಟು. ಬ್ಲೂಗ್ರಾಸ್‌ನಲ್ಲಿ ಡ್ರಮ್ ಇಲ್ಲ ಅಲ್ವಾ, ಆ ಕೆಲಸ ಮ್ಯಾಂಡೊಲಿನ್‌ದು. ನಾಲ್ಕು ಎಣಿಕೆಯಲ್ಲಿ ಒಂದು, ಮೂರು ಬೇಸ್‌ನವರದು. ಎರಡು, ನಾಲ್ಕು ನಿಮ್ಮದು. ಖಾಲಿ ತಂತಿ ಬಾರದ ಹಾಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಿರಿ, ಪಿಕ್‌ನಿಂದ ಒಂದೇ ಏಟಿಗೆ ಕೆಳಕ್ಕೆ ಹೊಡೆಯಿರಿ, ಹೊಡೆದ ತಕ್ಷಣ ಎಡಗೈ ಬೆರಳು ಸಡಿಲ ಬಿಡಿ. ಬೆರಳು ತಂತಿ ಮೇಲೇ ಇರಬೇಕು, ಒತ್ತು ಮಾತ್ರ ಹೋಗಬೇಕು. "ಟಕ್" ಅಂತ ಕೇಳಬೇಕು, ಗುಂಯ್‌ಗುಡಬಾರದು. ಮೆಟ್ರೊನೋಮ್ ಇಟ್ಟುಕೊಂಡು ಇದೊಂದನ್ನೇ ಅಭ್ಯಾಸ ಮಾಡಿ, ಬೇಜಾರಾದರೂ ಬಿಡಬೇಡಿ. ಬ್ರೇಕ್ ಅಷ್ಟಕ್ಕಷ್ಟೇ ಇದ್ದರೂ ಚಾಪ್ ಗಟ್ಟಿ ಇದ್ದವರನ್ನು "ಮುಂದಿನ ವಾರ ಬರ್ತೀರಲ್ವಾ" ಅಂತ ಕೇಳುತ್ತಾರೆ.

ಸಣ್ಣವರಿದ್ದಾಗ ಸಂಗೀತ ಕಲಿತಿದ್ದೆ ಅಂತಲೂ ಬರೆದಿದ್ದೀರಿ. ತುಂಬಾ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಕಾರ್ಡ್‌ಗಳನ್ನು "ಒಂದು, ನಾಲ್ಕು, ಐದು" ಅಂತ ಸಂಖ್ಯೆಯಲ್ಲಿ ಕೂಗುತ್ತಾರೆ. ಅದು ನಮ್ಮ ಸ, ಮ, ಪ ಮೇಲೆ ನಿಲ್ಲುವ ಕಾರ್ಡ್‌ಗಳು, ಅಷ್ಟೇ. ಬೇಸ್‌ನವರು ಹೆಚ್ಚಾಗಿ ಪ್ರತಿ ಕಾರ್ಡ್‌ನ ಸ, ಪ ಎರಡನ್ನೇ ಮೀಟುತ್ತಿರುತ್ತಾರೆ. ಹಾಡುವವರು ಬದಲಾದರೆ ಶ್ರುತಿಯೂ ಬದಲು. 'ಓಲ್ಡ್ ಜೋ ಕ್ಲಾರ್ಕ್' ಅನ್ನುವ ಹಳೆಯ ಫಿಡಲ್ ಧಾಟಿ ಎಲ್ಲಾ ಜಾಮ್‌ನಲ್ಲೂ ಬರುತ್ತದೆ, ಅದರ ಸ್ವರಗಳು ಹರಿಕಾಂಭೋಜಿಯವು. ಕಷ್ಟ ಇರೋದು ಹಾರ್ಮನಿಯಲ್ಲಿ, ಅಂದರೆ ಒಂದೇ ಸಾಲನ್ನು ಬೇರೆ ಬೇರೆ ಸ್ವರದಲ್ಲಿ ಒಟ್ಟಿಗೆ ಹಾಡುವುದರಲ್ಲಿ. ನಾವು ಎಲ್ಲರೂ ಒಂದೇ ಸ್ವರ ಹಾಡಿ ಬೆಳೆದವರು. ಪಕ್ಕದವರು ಮೇಲಿನ ಸ್ವರ ಹಿಡಿದರೆ ನಮ್ಮ ಗಂಟಲು ತಾನಾಗೇ ಅಲ್ಲಿಗೆ ಜಾರುತ್ತದೆ. ನನಗೆ ಈಗಲೂ ಅದೊಂದು ಒದ್ದಾಟವೇ.

ಇನ್ನು ಬ್ಯಾಂಡ್ ವಿಷಯ. ಜಾಮ್ ಮುಗಿದ ಮೇಲೂ ಪಾರ್ಕಿಂಗ್‌ನಲ್ಲಿ ನಿಂತು ಇನ್ನೊಂದು, ಇನ್ನೊಂದು ಅಂತ ನುಡಿಸುವ ಕೆಲವರಿರುತ್ತಾರೆ. ನಿಮ್ಮ ಬ್ಯಾಂಡ್ ಇರೋದು ಅಲ್ಲೇ. ನಮ್ಮ ಬ್ಯಾಂಜೋದವರು ನಿವೃತ್ತ ಪೋಸ್ಟ್‌ಮ್ಯಾನ್. ಅವರಿಗಿಂತ ಜೋರಾಗಿ ನುಡಿಸುವವರು ಇದ್ದರು. ಆದರೆ ಯಾರಾದರೂ ಹಾಡಲು ಬಾಯಿ ತೆರೆದರೆ ಸಾಕು, ಇವರು ಸದ್ದು ಇಳಿಸಿಬಿಡುತ್ತಿದ್ದರು. ಬ್ಯಾಂಜೋದವರಲ್ಲಿ ಆ ಗುಣ ಅಪರೂಪ. ಹಾಡುವಾಕೆ ನರ್ಸ್, ಗಿಟಾರ್ ಕೂಡ ಅವರದೇ. ಅವರ ಗಂಟಲಿಗೆ ಹೊಂದುವ ಶ್ರುತಿ ಬಿ ಫ್ಲ್ಯಾಟ್, ಹಾಗಾಗಿ ಗಿಟಾರ್, ಬ್ಯಾಂಜೋ ಎರಡಕ್ಕೂ ಮೂರನೇ ಮನೆಗೆ ಕ್ಯಾಪೊ (ತಂತಿಗಳನ್ನು ಒತ್ತಿ ಶ್ರುತಿ ಏರಿಸುವ ಕ್ಲಿಪ್) ಬೀಳುತ್ತದೆ, ಬ್ಯಾಂಜೋದ ಐದನೇ ತಂತಿಯನ್ನೂ ಅಷ್ಟೇ ಏರಿಸಬೇಕು. ಮ್ಯಾಂಡೊಲಿನ್ ಒಬ್ಬ ಮೇಷ್ಟ್ರದು. ಬೇಸ್ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಗಿಟಾರ್‌ನವರಲ್ಲೇ ಒಬ್ಬರು ತಿಂಗಳ ಬಾಡಿಗೆಗೆ ಒಂದು ಬೇಸ್ ತಂದರು. ಈಗ ನಮ್ಮ ಕಡೆಯ ಜಾಮ್‌ಗಳಲ್ಲಿ ಎಲ್ಲರಿಗಿಂತ ಜಾಸ್ತಿ ಕರೆ ಬರೋದು ಅವರಿಗೇ.

ಮ್ಯಾಂಡೊಲಿನ್, ಗಿಟಾರ್, ಬ್ಯಾಂಜೋ, ಫಿಡಲ್, ಬೇಸ್ ಅನ್ನುವ ಈ ಐದರ ಲೆಕ್ಕ ಬ್ಲೂಗ್ರಾಸ್‌ನ ಪಿತಾಮಹ ಬಿಲ್ ಮನ್ರೋ ಕಾಲದಿಂದ ಬಂದದ್ದು. 1945ರ ಡಿಸೆಂಬರ್‌ನಲ್ಲಿ ಮೂರು ಬೆರಳಿನಿಂದ ಬ್ಯಾಂಜೋ ಮೀಟುತ್ತಿದ್ದ ಅರ್ಲ್ ಸ್ಕ್ರಗ್ಸ್ ಮನ್ರೋ ತಂಡ ಸೇರಿದ ಮೇಲೆ ಬ್ಲೂಗ್ರಾಸ್ ಅಂದರೆ ಹೀಗೆ ಅಂತ ಆಯಿತು. ಐದೂ ಸೇರಲಿ ಅಂತ ನೀವು ಕಾಯಬೇಡಿ. ಗಿಟಾರ್, ಬೇಸ್, ನೀವು ಇದ್ದರೂ ಶುರು ಮಾಡಬಹುದು.

ಅಭ್ಯಾಸಕ್ಕೆ ಕೂತಾಗ ಹಾಡು ಕಲಿಯೋದಕ್ಕಿಂತ ಜಾಸ್ತಿ ಹೊತ್ತು ಮೂರು ವಿಷಯಕ್ಕೆ ಕೊಡಿ: ಹಾಡನ್ನು ಯಾರು ಶುರು ಮಾಡುತ್ತಾರೆ, ಬ್ರೇಕ್ ಯಾರ ನಂತರ ಯಾರು, ಹೇಗೆ ಮುಗಿಸೋದು. ಜಗಳ ಆಗೋದೂ ಇದರಲ್ಲೇ. ಬಹುತೇಕ ಹಾಡು ಮೂರು ನಿಮಿಷದವು. ಮಧ್ಯೆ ಮಾತು, ಶ್ರುತಿ ಸರಿ ಮಾಡೋದು ಎಲ್ಲಾ ಸೇರಿ ಒಂದು ಗಂಟೆಗೆ 15 ಹಾಡು ಇದ್ದರೆ ಸಾಕು. ಮೊದಲ ಕಾರ್ಯಕ್ರಮಕ್ಕೆ ರೈತರ ಸಂತೆ ಒಳ್ಳೆಯದು. ತರಕಾರಿ ಕೊಳ್ಳಲು ಬಂದವರು ನಿಂತರೆ ನಿಲ್ಲುತ್ತಾರೆ, ಇಲ್ಲದಿದ್ದರೆ ಹೋಗುತ್ತಾರೆ, ಮರ್ಯಾದೆ ಪ್ರಶ್ನೆ ಇಲ್ಲ. ನೆರಳು ಮಾತ್ರ ಕೇಳಿ ಪಡೆಯಿರಿ, ಬಿಸಿಲಿಗೆ ಶ್ರುತಿ ನಿಲ್ಲಲ್ಲ. ಒಂದೇ ಮೈಕ್ ಇಟ್ಟುಕೊಂಡರೆ ಬ್ರೇಕ್ ತೆಗೆದುಕೊಳ್ಳುವವರು ಮುಂದೆ ಬರಬೇಕು, ಹಾಡುವವರು ಪಕ್ಕಕ್ಕೆ ಸರಿಯಬೇಕು. ಇದನ್ನೂ ಮನೆಯಲ್ಲೇ ಅಭ್ಯಾಸ ಮಾಡಿ. ಇಲ್ಲದಿದ್ದರೆ ಬ್ಯಾಂಜೋ ಕುತ್ತಿಗೆ ಯಾರ ಮೊಣಕೈಗಾದರೂ ತಗಲುತ್ತದೆ.

ಮೈಮೇಲೆ ಸುರುಳಿ ಕೆತ್ತಿರುವ ಎಫ್ ಮಾದರಿ ಮ್ಯಾಂಡೊಲಿನ್ ಕೊಳ್ಳಲೇಬೇಕಾ ಅಂತ ಕೇಳಿದ್ದಿರಿ. ಬೇಡ. ಆ ಸುರುಳಿ ನೋಡೋಕೆ ಚೆಂದ, ಆದರೆ ಬೆಲೆ ಏರಿಸುತ್ತದೆ. ಸುರುಳಿ ಇಲ್ಲದ ಎ ಮಾದರಿಯೇ ಸಾಕು, ಮೇಲ್ಮೈಯಲ್ಲಿ ದುಂಡು ರಂಧ್ರದ ಬದಲು ವಯೊಲಿನ್ ಥರದ ಎರಡು ಸೀಳು ಇರುವುದನ್ನು ನೋಡಿ ತೆಗೆದುಕೊಳ್ಳಿ, ಚಾಪ್ ಚೆನ್ನಾಗಿ ಕೇಳುತ್ತದೆ. ಉಳಿದ ದುಡ್ಡಲ್ಲಿ ಒಳ್ಳೆಯ ಟ್ಯೂನರ್, ಒಂದೆರಡು ದಪ್ಪ ಪಿಕ್, ಹೊಸ ತಂತಿ ತಗೊಳ್ಳಿ. ಹಾಗೇ ಶೆಲ್ಬಿ ನಿಮಗೆ ಸುಮಾರು ಒಂದು ಗಂಟೆ ದಾರಿ. ಅಲ್ಲಿನ ಹಳೆಯ ಕೋರ್ಟ್ ಕಟ್ಟಡದಲ್ಲಿ ಅರ್ಲ್ ಸ್ಕ್ರಗ್ಸ್ ಹೆಸರಿನ ಮ್ಯೂಸಿಯಂ ಇದೆ. ಒಮ್ಮೆ ಹೋಗಿ ಬನ್ನಿ, ಆ ಕಡೆ ಜಾಮ್ ಎಲ್ಲೆಲ್ಲಿ ನಡೆಯುತ್ತೆ ಅಂತಲೂ ಅಲ್ಲೇ ವಿಚಾರಿಸಿ.