ಅಮ್ಮ ಯಾಕೆ ಎದ್ದು ಹೋದರು?

ನಮಸ್ಕಾರ.

‘ವಂಡರ್ ವುಮನ್ 1984’ ಸಿನಿಮಾ ಬಗ್ಗೆ ನೀವು ಕಳಿಸಿದ ಬರಹವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಅಭಿಪ್ರಾಯವೇ ನನ್ನದೂ. 2017ರ ‘ವಂಡರ್ ವುಮನ್’ ಎದೆಗೆ ತಟ್ಟಿತು, 2020ರಲ್ಲಿ ಬಂದ ಎರಡನೇ ಭಾಗ ತಟ್ಟಲಿಲ್ಲ. ನಿರ್ದೇಶಕಿ ಅದೇ ಪ್ಯಾಟಿ ಜೆಂಕಿನ್ಸ್, ವಂಡರ್ ವುಮನ್ ಡಯಾನಾ ಪಾತ್ರದಲ್ಲಿ ಅದೇ ಗಾಲ್ ಗಡೋಟ್. ಹಾಗಾದರೆ ಎಲ್ಲಿ ತಪ್ಪಿತು? ನಿಮ್ಮ ಬರಹದಲ್ಲಿ ‘ನಿರಾಸೆ’ ಒಂಬತ್ತು ಸಲ ಬಂದಿದೆ. ‘ಕಥೆಯಲ್ಲಿ ಗಟ್ಟಿತನವಿಲ್ಲ’, ‘ಚಿತ್ರಕಥೆ ಹಳಿ ತಪ್ಪಿದೆ’ ಅಂದಿದ್ದೀರಿ. ಈ ಮಾತನ್ನು ಯಾವ ಸಿನಿಮಾಕ್ಕೆ ಬೇಕಾದರೂ ಹೇಳಬಹುದು, ಅಲ್ವಾ? ಯಾವ ಜಾಗದಲ್ಲಿ ತಪ್ಪಿತು ಅಂತ ಬೆರಳಿಟ್ಟು ತೋರಿಸಿಲ್ಲ.

ಬದಲಿಗೆ ಗಳಿಕೆಯ ಲೆಕ್ಕ ಕೊಟ್ಟಿದ್ದೀರಿ. ಮೊದಲನೆಯದು ಸುಮಾರು 82 ಕೋಟಿ ಡಾಲರ್, ಎರಡನೆಯದು 17 ಕೋಟಿಯ ಹತ್ತಿರ. ಲೆಕ್ಕ ಸರಿ, ತೀರ್ಮಾನ ತಪ್ಪು. 2020ರ ಡಿಸೆಂಬರ್ ಕೊರೊನಾ ಕಾಲ. ಎಷ್ಟೋ ಊರುಗಳಲ್ಲಿ ಥಿಯೇಟರ್ ಮುಚ್ಚಿದ್ದವು. ಅಮೆರಿಕದಲ್ಲಿ ಥಿಯೇಟರಿಗೆ ಬಂದ ದಿನವೇ ಮನೆಯಲ್ಲೇ ನೋಡುವ ಓಟಿಟಿ ಎಚ್‌ಬಿಓ ಮ್ಯಾಕ್ಸ್‌ನಲ್ಲೂ ಸಿನಿಮಾ ಬಂತು. ಆ ಪ್ಯಾರಾ ಪೂರ್ತಿ ತೆಗೆದುಬಿಡಿ.

ಈಗ ನನಗೆ ತುಂಬ ಇಷ್ಟವಾದ ಸಾಲು. ನಾಲ್ಕನೇ ಪ್ಯಾರಾದ ಕೊನೆಯಲ್ಲಿ ಸುಮ್ನೆ ಬರೆದು ಮುಂದೆ ಹೋಗಿದ್ದೀರಿ: ‘ಇಂಗ್ಲಿಷ್ ಸಿನಿಮಾ ನೋಡದ ಅಮ್ಮ ಮೊದಲ ಭಾಗದ ಯುದ್ಧದ ದೃಶ್ಯ ಬಂದಾಗ ಸೌಟು ಹಿಡಿದುಕೊಂಡೇ ಬಂದು ನಿಂತುಬಿಟ್ಟರು. ಎರಡನೆಯದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದರು.’ ನಿಮ್ಮ ಬರಹ ಇಲ್ಲಿಂದ ಶುರುವಾಗಬೇಕು. ಅವರು ಯಾಕೆ ನಿಂತರು? ಯಾಕೆ ಎದ್ದು ಹೋದರು?

ನಿಂತದ್ದು ಯಾಕೆ ಅಂತ ನನಗೆ ಅನಿಸಿದ್ದನ್ನು ಹೇಳುತ್ತೇನೆ. 1918, ಬೆಲ್ಜಿಯಂ, ಕೆಸರಿನ ಕಂದಕ. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ತಮ್ಮ ಹಳ್ಳಿಯ ಕಷ್ಟ ಹೇಳಿಕೊಳ್ಳುತ್ತಾಳೆ. ಆಗುವುದಿಲ್ಲ, ಎಲ್ಲರನ್ನೂ ಉಳಿಸೋಕೆ ಆಗಲ್ಲ ಅನ್ನುತ್ತಾನೆ ಡಯಾನಾ ಜೊತೆಗಿರುವ ಪೈಲಟ್ ಸ್ಟೀವ್. ಆ ಹೊತ್ತಿಗೆ ಡಯಾನಾ ಇಂಥ ‘ಬೇಡ’ಗಳನ್ನು ಸಾಕಷ್ಟು ಕೇಳಿದ್ದಾಳೆ. ಅವಳು ಕೂದಲು ಬಿಚ್ಚುತ್ತಾಳೆ, ಏಣಿಯ ಮೇಲೆ ಕಾಲಿಡುತ್ತಾಳೆ. ಮೊದಲ ಗುಂಡನ್ನು ಕೈಪಟ್ಟಿಯಿಂದ ತಡೆಯುತ್ತಾಳೆ. ಆಮೇಲೆ ಮಷಿನ್ ಗನ್ ಎದುರು ಗುರಾಣಿ ಹಿಡಿದು ಮಂಡಿಯೂರಿ ನಿಲ್ಲುತ್ತಾಳೆ. ಆ ಭಾರ ಅವಳ ಮೈಯಲ್ಲಿ ಕಾಣುತ್ತದೆ. ಅವಳು ತಡೆದಿದ್ದಾಳೆ ಅಂತ ಗೊತ್ತಾದ ಮೇಲೇ ಉಳಿದವರು ಕಂದಕದಿಂದ ಮೇಲೆ ಬರುವುದು. ಭಾಷೆ ಬರದವರಿಗೂ ಇದು ಅರ್ಥವಾಗುತ್ತದೆ.

ಎರಡನೆಯದನ್ನು ಇದರ ಪಕ್ಕ ಇಟ್ಟು ನೋಡಿ. ಅದು ಶುರುವಾಗುವುದೇ ಓಟದ ಪಂದ್ಯದಿಂದ. ಪುಟ್ಟ ಡಯಾನಾ ಅಡ್ಡದಾರಿ ಹಿಡಿದು ಮುಂದೆ ಬರುತ್ತಾಳೆ. ಇನ್ನೇನು ಗೆದ್ದಳು ಅನ್ನುವಾಗ ಅಮ್ಮನ ಸೋದರಿ ಆಂಟಿಯೋಪಿ ಅವಳನ್ನು ಹಿಡಿದು ನಿಲ್ಲಿಸುತ್ತಾಳೆ. ಎಂಥ ಒಳ್ಳೆಯ ಆರಂಭ! ಆದರೆ ಮುಂದೆ ಸಿನಿಮಾನೇ ಅಡ್ಡದಾರಿ ಹಿಡಿಯುತ್ತದೆ. ಮೊದಲ ಭಾಗದಲ್ಲಿ ಸತ್ತು ಇಲ್ಲಿ ವಾಪಸ್ ಬಂದ ಮೊದಲ ಮಹಾಯುದ್ಧದ ಪೈಲಟ್ ಸ್ಟೀವ್ ಮ್ಯೂಸಿಯಂನ ಜೆಟ್ ವಿಮಾನವನ್ನು ಸಲೀಸಾಗಿ ಹಾರಿಸುತ್ತಾನೆ. ವಿಮಾನವನ್ನು ಬಚ್ಚಿಡಬೇಕಾದಾಗ, ಹಿಂದೊಮ್ಮೆ ಕಾಫಿ ಕಪ್ಪನ್ನು ಮಾಯ ಮಾಡಿದ್ದೆ ಅನ್ನುತ್ತಾಳೆ ಡಯಾನಾ. ವಿಮಾನವೇ ಮಾಯ! ಗುರಾಣಿಯ ಆ ಭಾರ ಇಲ್ಲಿ ಎಲ್ಲಿದೆ?

ಇನ್ನೊಂದು ವಿಷಯ ನೀವು ಬರೆದೇ ಇಲ್ಲ, ನನ್ನನ್ನು ಅದು ಬಹಳ ಕಾಡಿತು. ಬಯಕೆ ಈಡೇರಿಸುವ ಕಲ್ಲಿನಿಂದ ಸ್ಟೀವ್ ವಾಪಸ್ ಬರುತ್ತಾನೆ, ಸರಿ. ಆದರೆ ಬರುವುದು ಬೇರೆ ಯಾರದೋ ಮೈಯಲ್ಲಿ. ಆ ಮನುಷ್ಯನಿಗೂ ಮನೆ ಇದೆ, ಬದುಕು ಇದೆ. ಅವನು ಎಲ್ಲಿ ಹೋದ ಅಂತ ಡಯಾನಾ ಚಿಂತಿಸುವುದೇ ಇಲ್ಲ. ಮೊದಲ ಭಾಗದಲ್ಲಿ ಗುರುತಿಲ್ಲದ ಹೆಂಗಸಿಗಾಗಿ ಕಂದಕ ದಾಟಿದವಳು ಇವಳೇನಾ? ನನ್ನ ಮಟ್ಟಿಗೆ ಸಿನಿಮಾ ಮುರಿದುಬಿದ್ದದ್ದು ಇಲ್ಲಿ. ನೀವು ಒಪ್ಪದೆ ಇರಬಹುದು. ಒಪ್ಪದಿದ್ದರೆ ಯಾಕೆ ಅಂತ ಬರೆಯಿರಿ.

ಹಾಗಂತ ಮೊದಲನೆಯದನ್ನು ‘ಕುಂದಿಲ್ಲದ ಕಲಾಕೃತಿ’ ಅನ್ನಬೇಡಿ. ಅದರ ಕೊನೆಯಲ್ಲಿ ಯುದ್ಧದೇವತೆ ಏರೀಸ್ ಜೊತೆಗಿನ ಕಾಳಗ ಬರೀ ಬೆಂಕಿ, ಬರೀ ಗದ್ದಲ. ಎರಡನೆಯದರ ಕೊನೆಗೆ ಡಯಾನಾ, ಆ ಕಲ್ಲಿನ ಶಕ್ತಿ ಪಡೆದು ಎಲ್ಲರ ಬಯಕೆ ಈಡೇರಿಸುವ ಖಳನಾಯಕ ಮ್ಯಾಕ್ಸ್ ಲಾರ್ಡ್‌ನನ್ನು ಹೊಡೆದು ಸೋಲಿಸುವುದಿಲ್ಲ. ಅವನ ಮೂಲಕ ಇಡೀ ಜಗತ್ತಿನ ಜೊತೆ ಮಾತಾಡುತ್ತಾಳೆ, ನಿಮ್ಮ ಬಯಕೆ ವಾಪಸ್ ಪಡೆಯಿರಿ ಅಂತ ಬೇಡಿಕೊಳ್ಳುತ್ತಾಳೆ. ಸೂಪರ್‌ಹೀರೋ ಸಿನಿಮಾದಲ್ಲಿ ಹಾಗೆ ಮಾಡೋಕೆ ಧೈರ್ಯ ಬೇಕು. ಮ್ಯಾಕ್ಸ್ ಪಾತ್ರದಲ್ಲಿ ಪೆಡ್ರೊ ಪಾಸ್ಕಲ್ ಚೆನ್ನಾಗಿ ಮಾಡಿದ್ದಾರೆ, ಅವರ ಹೆಸರೇ ನಿಮ್ಮ ಬರಹದಲ್ಲಿಲ್ಲ. ಚೆನ್ನಾಗಿರುವುದನ್ನು ಚೆನ್ನಾಗಿದೆ ಅಂದರೆ ನಿಮ್ಮ ದೂರನ್ನೂ ಓದುಗರು ನಂಬುತ್ತಾರೆ.

ಭಾಷೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ‘ಒಟ್ಟಾರೆಯಾಗಿ ಹೇಳುವುದಾದರೆ’ ಬೇಡ. ‘ಒಮ್ಮೆ ನೋಡಬಹುದು’ ಬೇಡ. ಮೊದಲ ಎರಡು ಪ್ಯಾರಾದ ಕಥಾ ಸಾರಾಂಶವನ್ನು ನಾಲ್ಕು ಸಾಲಿಗೆ ಇಳಿಸಿ. ಅಮ್ಮನ ಬಗ್ಗೆ ಬರೆದ ಕನ್ನಡ ನಿಮ್ಮದು, ಉಳಿದದ್ದು ಎಲ್ಲೋ ಓದಿ ಬಾಯಿಗೆ ಬಂದದ್ದು. ಆ ಎರಡು ಸಾಲಿನ ಹಾಗೇ ಪೂರ್ತಿ ಬರೆಯಿರಿ.

ಅವಸರ ಇಲ್ಲ, ಹದಿನೈದು ದಿನ ತೆಗೆದುಕೊಳ್ಳಿ. ಎರಡೂ ಸಿನಿಮಾವನ್ನು ಇನ್ನೊಂದು ಸಲ ನೋಡಿ, ಸಾಧ್ಯವಾದರೆ ಅಮ್ಮನ ಜೊತೆಗೆ. ಈ ಸಲ ಅವರು ಎದ್ದರೆ ಸಿನಿಮಾ ಅಲ್ಲೇ ನಿಲ್ಲಿಸಿ, ಆಗ ತೆರೆಯ ಮೇಲೆ ಏನಿತ್ತು ಅಂತ ಬರೆದಿಟ್ಟುಕೊಳ್ಳಿ.

ಇಂತಿ,
ಸಂಪಾದಕ