ಹಳದಿ ಮೂತಿ ನಿಂಬೆ ಬಣ್ಣ, ಗಾಲಿಗಳು ಮಸಿ: ಬ್ರಿಟನ್ನಿನ ಡೀಸೆಲ್ ಎಂಜಿನ್ ಫೋಟೊ ಪ್ರಶ್ನೆಗಳು

ಬ್ರಿಟನ್ನಿನಲ್ಲಿರುವ ಕನ್ನಡಿಗರು, ರಜೆಗೆ ಹೋಗಿ ಬಂದವರು ಕಳಿಸುವ ಪ್ರಶ್ನೆಗಳು ತಿರುಗಿ ತಿರುಗಿ ಅವೇ. ಕ್ಯಾಮೆರಾದ ಅ ಆ ಇ ಈ ಇಲ್ಲಿ ಹೇಳುವುದಿಲ್ಲ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯುತ್ತೀರಿ ಎಂದುಕೊಂಡೇ ಉತ್ತರಿಸಿದ್ದೇನೆ.

ಪ್ರಶ್ನೆ: ಜೂನ್ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ, ಒಳ್ಳೇ ಬಿಸಿಲು. ಕ್ಲಾಸ್ 66 ಡೀಸೆಲ್ ಎಂಜಿನ್ ಎಳೆಯುತ್ತಿದ್ದ ಜಲ್ಲಿಕಲ್ಲಿನ ಗೂಡ್ಸ್ ತೆಗೆದೆ. ಹಳದಿ ಮೂತಿ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದೆ, ಗಾಲಿಗಳು ಕಾಣಿಸುತ್ತಲೇ ಇಲ್ಲ. ಯಾವ ಲೆನ್ಸ್ ಕೊಳ್ಳಲಿ?

ಲೆನ್ಸ್ ಬೇಡ, ಗಡಿಯಾರ ನೋಡಿ. ನೀವು ಹೇಳುವ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಸೂರ್ಯ ಸುಮಾರು 62 ಡಿಗ್ರಿ ಎತ್ತರದಲ್ಲಿರುತ್ತಾನೆ. ಎಂಜಿನ್ನಿನ ಒಡಲು ಗಾಲಿಗಳಿಗಿಂತ ಹೊರಚಾಚಿದೆ, ಅದರ ನೆರಳು ನೇರ ಗಾಲಿ ಚೌಕಟ್ಟಿನ ಮೇಲೆ ಬೀಳುತ್ತದೆ. (ಬ್ರಿಟಿಷರು ‘ಬೋಗಿ’ ಎನ್ನುವುದು ಈ ಚೌಕಟ್ಟಿಗೆ, ನಮ್ಮಂತೆ ಡಬ್ಬಿಗಲ್ಲ.) ಸ್ಪ್ರಿಂಗು, ಬ್ರೇಕಿನ ಸರಳು, ಮರಳಿನ ಕೊಳವೆ ಎಲ್ಲ ಇರುವುದು ಅಲ್ಲೇ. ಅದು ಕಪ್ಪಾದರೆ ಎಂಜಿನ್ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ.

ಬಿಸಿಲು ಗಾಲಿಗೆ ತಾಗಬೇಕಾದರೆ ಸೂರ್ಯ 35 ಡಿಗ್ರಿಗಿಂತ ಕೆಳಗಿರಬೇಕು. ಅಳೆಯಲು ಯಾವ ಆ್ಯಪೂ ಬೇಡ: ನಿಮ್ಮ ನೆರಳು ನಿಮ್ಮ ಎತ್ತರದ ಒಂದೂವರೆ ಪಟ್ಟು ಇದ್ದರೆ ಸರಿ. ಜೂನ್‌ನಲ್ಲಿ ಇದು ಸಿಗುವುದು ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ಐದೂಕಾಲರ ನಂತರ. ಅಕ್ಟೋಬರಿನಿಂದ ಮಾರ್ಚ್ ಮೊದಲ ವಾರದವರೆಗೆ ನಡು ಮಧ್ಯಾಹ್ನವೂ ಪರವಾಗಿಲ್ಲ. ಡಿಸೆಂಬರ್ ಕೊನೆಯಲ್ಲಂತೂ ಸೂರ್ಯ 15 ಡಿಗ್ರಿಗಿಂತ ಮೇಲೇರುವುದೇ ಇಲ್ಲ. ಆಗಿನ ತೊಂದರೆ ಬೇರೆ, ಬೇಲಿಯ, ಮರದ ನೆರಳು ಹಳಿಯನ್ನೇ ನುಂಗಿರುತ್ತದೆ. ಬೆಂಗಳೂರಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಕ್ಯಾಮೆರಾ ಚೀಲಕ್ಕೆ ಹಾಕಿ ಅಭ್ಯಾಸವಾದವರು ಬ್ರಿಟನ್ನಿನ ಚಳಿಗಾಲದ ಮಧ್ಯಾಹ್ನವನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ.

ಎತ್ತರದಷ್ಟೇ ದಿಕ್ಕೂ ಮುಖ್ಯ. ಮೂತಿ, ಪಕ್ಕೆ ಎರಡಕ್ಕೂ ಬಿಸಿಲು ಬೀಳಬೇಕು. ನಿಮ್ಮ ನೆರಳು ಹಳಿಗೆ ನೇರ ಅಡ್ಡವಾಗಿ ಬಿದ್ದಿದ್ದರೆ ಪಕ್ಕೆ ಮಾತ್ರ ಬೆಳಗುತ್ತದೆ, ಮೂತಿ ಮಂಕು. ನೆರಳು ಹಳಿಯ ಕಡೆಗೇ ಇದ್ದು, ಗಾಡಿ ಬರುವ ದಿಕ್ಕಿಗೆ ವಾಲಿರಬೇಕು. ನೈಋತ್ಯ ಇಂಗ್ಲೆಂಡಿನ ಮೆಂಡಿಪ್ ಬೆಟ್ಟದ ಕಲ್ಲುಗಣಿಗಳಿಂದ ವೆಸ್ಟ್‌ಬರಿ, ರೆಡಿಂಗ್ ಮೇಲೆ ಲಂಡನ್ ಕಡೆಗೆ ಹೋಗುವ ತುಂಬಿದ ಗಾಡಿಗಳು ಪೂರ್ವಕ್ಕೆ ಮುಖ ಮಾಡಿರುತ್ತವೆ. ಹಾಗಾಗಿ ಬೆಳಿಗ್ಗೆ ಹಳಿಯ ದಕ್ಷಿಣಕ್ಕೆ ನಿಲ್ಲಿ. ಖಾಲಿ ಗಾಡಿ ಪಶ್ಚಿಮಕ್ಕೆ ಮರಳುವಾಗ ಅದೇ ಬದಿಯಲ್ಲಿ ಸಂಜೆ. ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್ ಮಾರ್ಗ ಹೆಚ್ಚುಕಡಿಮೆ ಉತ್ತರ–ದಕ್ಷಿಣ. ಅಲ್ಲಿ ದಕ್ಷಿಣಕ್ಕೆ ಬರುವ ಗಾಡಿಗೆ ಬೆಳಿಗ್ಗೆ ಪೂರ್ವದ ಬದಿ, ಮಧ್ಯಾಹ್ನದ ಮೇಲೆ ಪಶ್ಚಿಮದ ಬದಿ. ಉತ್ತರಕ್ಕೆ ಹೋಗುವ ಗಾಡಿಯ ಮೂತಿಗೆ ಬಿಸಿಲು ಸಿಗುವುದು ನಡುಬೇಸಿಗೆಯ ನಸುಕು, ಇಲ್ಲವೇ ತಡಸಂಜೆ ಮಾತ್ರ. ಅದೇ ಮಾರ್ಗದ ರಿಬಲ್‌ಹೆಡ್‌ನ 24 ಕಮಾನಿನ ಸೇತುವೆಯ ಮುಂದೆ ಇದನ್ನು ಲೆಕ್ಕಹಾಕದೆ ನಿಂತವರಿಗೆ ಸೇತುವೆ ಸಿಗುತ್ತದೆ, ಎಂಜಿನ್ ಸಿಗುವುದಿಲ್ಲ.

ಇನ್ನು ನಿಂಬೆ ಬಣ್ಣ. ಗಾಡಿ ದೂರದಿಂದಲೇ ಕಾಣಲೆಂದು ಮೂತಿಗೆ ಬಳಿಯುವ ಆ ಎಚ್ಚರಿಕೆಯ ಹಳದಿಯಲ್ಲಿ ಕೆಂಪಿನ ಪಾಲು ಅತಿ ಹೆಚ್ಚು, ಹಸಿರು ಅದಕ್ಕಿಂತ ಕಡಿಮೆ, ನೀಲಿ ಇಲ್ಲವೆನ್ನುವಷ್ಟು. ಬೆಳಕು ಜಾಸ್ತಿಯಾದರೆ ಮೊದಲು ಕೆಂಪು ತುಂಬಿ ನಿಲ್ಲುತ್ತದೆ, ಹಸಿರು ಮಾತ್ರ ಏರುತ್ತಲೇ ಹೋಗುತ್ತದೆ. ನಿಂಬೆ ಬಣ್ಣ ಹುಟ್ಟುವುದು ಹೀಗೆ. ಬಿಳಿ ಹಿಸ್ಟೊಗ್ರಾಮ್‌ನಲ್ಲಿ (ಫೋಟೊದ ಬೆಳಕಿನ ಹಂಚಿಕೆಯನ್ನು ಕ್ಯಾಮೆರಾ ತೋರಿಸುವ ನಕ್ಷೆ, ಬಲತುದಿ ಅತಿ ಬೆಳಕು) ಇದು ಕಾಣುವುದಿಲ್ಲ. ಮೂರು ಬಣ್ಣದ ಹಿಸ್ಟೊಗ್ರಾಮ್ ಹಾಕಿ, ಕೆಂಪೊಂದನ್ನೇ ನೋಡಿ. ಆಟೊದಲ್ಲಿ ತೆಗೆದಿರಿ ಎಂಬುದೂ ಗೊತ್ತಾಗುತ್ತಿದೆ. ಕಡುನೀಲಿ, ಕಡುಗೆಂಪು ಒಡಲು ಚೌಕಟ್ಟು ತುಂಬಿದ ಕೂಡಲೇ ಮೀಟರು ಕತ್ತಲಾಯಿತೆಂದು ಬಗೆದು ಬೆಳಕು ಹೆಚ್ಚಿಸಿತು, ಮೂತಿ ಸುಟ್ಟಿತು. ಮ್ಯಾನುವಲ್‌ಗೆ ಬನ್ನಿ. ತಿಳಿಬಿಸಿಲಿಗೆ 1/1000 ಸೆಕೆಂಡ್, ಎಫ್/7.1, ಐಎಸ್‌ಒ 200. ಚಳಿಗಾಲದ ತಗ್ಗು ಬಿಸಿಲಿಗೆ ಐಎಸ್‌ಒ 400. ಮುಂಚೆ ಬರುವ ಯಾವುದಾದರೂ ಹಳದಿ ಮೂತಿಯ ಪ್ಯಾಸೆಂಜರ್ ಗಾಡಿಯ ಮೇಲೆ ಪರೀಕ್ಷಿಸಿ, ಕೆಂಪು ಬಲಗೋಡೆಗೆ ತಾಗಿದರೆ ಬೆಳಕನ್ನು ಮೂರನೇ ಒಂದು ಸ್ಟಾಪ್ ಇಳಿಸಿ. ಹಳದಿ ಇಲ್ಲದ ಹೊಸ ಗಾಡಿಯಿಂದ ಈ ಪರೀಕ್ಷೆ ಆಗದು. ಮೂತಿಗೆ ಹಳದಿ ಬಳಿಯಲೇಬೇಕೆಂಬ ನಿಯಮ 2016ರಲ್ಲಿ ಸಡಿಲವಾದ ಮೇಲೆ ಅಂಥವೂ ಓಡುತ್ತಿವೆ.

ಪ್ರಶ್ನೆ: 1/250ರಲ್ಲಿ ಎಂಜಿನ್ ನಂಬರು ಓದಲಾಗುತ್ತಿಲ್ಲ. ಫೋಕಸ್ ದೋಷವೇ?

ಗಂಟೆಗೆ 60 ಮೈಲಿ ಎಂದರೆ ಸೆಕೆಂಡಿಗೆ ಸುಮಾರು 27 ಮೀಟರ್. 1/250ರಲ್ಲಿ ಎಂಜಿನ್ ಹತ್ತು ಸೆಂಟಿಮೀಟರ್‌ಗೂ ಹೆಚ್ಚು ಸರಿದಿರುತ್ತದೆ, ನಂಬರು ಓದುವುದು ಎಲ್ಲಿಂದ? ಓರೆಯಾಗಿ ಎದುರು ಬರುವಾಗ 1/1000 ಸಾಕು. ನೇರ ಪಕ್ಕದಿಂದಾದರೆ 1/2000, ಇಲ್ಲವೇ 1/60ರಲ್ಲಿ ಕ್ಯಾಮೆರಾವನ್ನು ಗಾಡಿಯ ಜೊತೆಗೇ ತಿರುಗಿಸಿ.

ಪ್ರಶ್ನೆ: ಕಪ್ಪು ಹೊಗೆ ಬಂದರೆ ಎಂಜಿನ್ ಪೂರ್ತಿ ಶಕ್ತಿಯಲ್ಲಿದೆ ಎಂದರ್ಥವಂತೆ. ಹೊಗೆಯ ಫೋಟೊ ಎಲ್ಲಿ ಸಿಗುತ್ತದೆ?

ಯಾರು ಹೇಳಿದ್ದು? ಚಾಲಕ ಥ್ರಾಟಲ್ ತೆರೆದಾಗ ಡೀಸೆಲ್ ತಕ್ಷಣ ಹೆಚ್ಚುತ್ತದೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ವೇಗ ಹಿಡಿಯಲು ಹೊತ್ತು ಬೇಕು. ಅಷ್ಟರಲ್ಲಿ ಗಾಳಿ ಸಾಲದೆ ಅರೆಬೆಂದ ಇಂಧನವೇ ಆ ಕಪ್ಪು. ಪೂರ್ತಿ ಶಕ್ತಿಗೆ ಬಂದ ಆರೋಗ್ಯವಂತ ಎಂಜಿನ್ನಿನ ಹೊಗೆ ತೆಳ್ಳಗಿರುತ್ತದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಬಹಳ ಹೊತ್ತು ಐಡಲ್‌ನಲ್ಲಿ ನಿಂತದ್ದು. ಆದ್ದರಿಂದ ಏರಿನ ನಡುವೆ ಕಾಯಬೇಡಿ, ಗಾಡಿ ನಿಂತು ಹೊರಡುವ ಜಾಗಕ್ಕೆ ಹೋಗಿ. ಹಳೆಯ ಗಾಡಿ ಓಡಿಸುವ ಸೆವರ್ನ್ ವ್ಯಾಲಿಯಂಥ ಸಂರಕ್ಷಿತ ಮಾರ್ಗಗಳಲ್ಲಿ 1950, 60ರ ದಶಕಗಳ ಕ್ಲಾಸ್ 37, ಕ್ಲಾಸ್ 20 ಎಂಜಿನ್‌ಗಳು ಸ್ಟೇಷನ್ ಬಿಡುವ ಮೊದಲ ಕೆಲವು ಸೆಕೆಂಡೇ ಎಲ್ಲ. ಚಾಲಕನಿಗೆ ಕೈಸನ್ನೆ ಮಾಡಿ ಹೊಗೆ ಕೇಳುವವರ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಪ್ರಶ್ನೆ: ವೇಳಾಪಟ್ಟಿಯಲ್ಲಿದ್ದ ಗೂಡ್ಸ್ ಬರಲೇ ಇಲ್ಲ.

ಗೂಡ್ಸ್‌ನ ವೇಳೆ ಕಾಯ್ದಿರಿಸಿದ ಜಾಗ ಅಷ್ಟೇ. ಬೇಕಿದ್ದರೆ ಓಡಿಸುತ್ತಾರೆ, ಗಂಟೆ ಮೊದಲೂ ಕಳಿಸುತ್ತಾರೆ. ಗಾಡಿ ಸಂಖ್ಯೆಯ ಮೊದಲ ಅಂಕಿ 6 ಇದ್ದರೆ 60 ಮೈಲಿ ವೇಗದ ಗೂಡ್ಸ್, 4 ಇದ್ದರೆ 75 ಮೈಲಿಯದು. 0 ಕಂಡು ಓಡಿಹೋದರೆ ಡಬ್ಬಿಯಿಲ್ಲದ ಬರೀ ಎಂಜಿನ್.

ಪ್ರಶ್ನೆ: 400 ಎಂಎಂ ಲೆನ್ಸ್‌ನಲ್ಲಿ ಬೇಸಿಗೆಯ ಫೋಟೊ ನೀರಿನೊಳಗೆ ತೆಗೆದಂತಿದೆ.

ಹಳಿಯ ಮೇಲಿನ ಬಿಸಿಗಾಳಿ. ಹತ್ತಿರ ಬಿಟ್ಟುಕೊಂಡು 85 ಎಂಎಂನಲ್ಲಿ ತೆಗೆಯಿರಿ.

ಪ್ರಶ್ನೆ: ಫೋಟೊ ತಿದ್ದುವ ಸಿದ್ಧ ಸೆಟ್ಟಿಂಗ್, ‘ರೈಲು ಪ್ರೀಸೆಟ್’ ಮಾರುತ್ತಿದ್ದಾರೆ, ಕೊಳ್ಳಲೇ?

ಸುಟ್ಟ ಕೆಂಪನ್ನು ಯಾವ ಪ್ರೀಸೆಟ್ಟೂ ಹಿಂದಕ್ಕೆ ತರದು. ಆ ದುಡ್ಡಿಗೆ ರೈಲು ಟಿಕೆಟ್ ತೆಗೆದುಕೊಳ್ಳಿ.

ಪ್ರಶ್ನೆ: ರಾತ್ರಿ ಪ್ಲಾಟ್‌ಫಾರ್ಮ್‌ನಲ್ಲಿ ಫ್ಲಾಶ್?

ನಿಷೇಧ. ಚಾಲಕನ ಕಣ್ಣು ಕುಕ್ಕುತ್ತದೆ.

ಪ್ರಶ್ನೆ: ಬೇಲಿ ದಾಟಿ ಎರಡೇ ಹೆಜ್ಜೆ ಹೋದರೆ ಒಳ್ಳೇ ಕೋನ ಸಿಗುತ್ತದೆ. ಮೇಲಿನ ತಂತಿ ತಪ್ಪಿಸಲು ಕ್ಯಾಮೆರಾವನ್ನು ಉದ್ದ ಕೋಲಿಗೆ ಕಟ್ಟಿ ಎತ್ತಬಹುದೇ?

ಬೇಲಿ ದಾಟಿದರೆ 1,000 ಪೌಂಡ್‌ವರೆಗೆ ದಂಡ. ಆ ತಂತಿಯಲ್ಲಿರುವುದು 25,000 ವೋಲ್ಟ್. ಮುಟ್ಟಬೇಕಾಗಿಲ್ಲ, ಹತ್ತಿರ ಹೋದರೆ ಹಾರಿ ಬರುತ್ತದೆ. ಕೋಲು ಮನೆಯಲ್ಲಿರಲಿ.